ರಾಫಿಯಾ ಕೈಚೀಲ: ಹೆಣೆಯುವ ಮೊದಲು ಒಂದಿಷ್ಟು ಲೆಕ್ಕ

(ಕಾಪು ಪರಿಸರದ ಮಹಿಳಾ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯೊಬ್ಬರು ಆಡಿದ ಮಾತುಗಳ ಬರಹ ರೂಪ)



ಕೆಚ್ಚಲು ಬಾವು, ಬೆದೆ, ಜಂತುಹುಳು ಎಂದು ಮಾತಾಡುವ ದನದ ಡಾಕ್ಟ್ರು ಇವತ್ತು ಕೈಚೀಲ ಹೆಣೆಯುವ ವಿಷಯ ಎತ್ತಿಕೊಂಡಿದ್ದಾರಲ್ಲ ಎಂದು ನಿಮಗೆ ನಗು ಬಂದೀತು. ವಿಷಯ ಎತ್ತಿದ್ದು ನಾನಲ್ಲ, ನೀವೇ. ಇತ್ತೀಚೆಗೆ ಹಳ್ಳಿಗಳಿಗೆ ಹೋದಲ್ಲೆಲ್ಲ ಹಟ್ಟಿಯ ಪಕ್ಕದ ಜಗಲಿಯಲ್ಲಿ ಕ್ರೋಶಾ ಕಡ್ಡಿ, ಬಣ್ಣದ ರಾಫಿಯಾ ಉಂಡೆ, ಮಣಿಗಳ ಡಬ್ಬಿ ಕಾಣಸಿಗುತ್ತಿವೆ. ಮಣಿಪಾಲದ ಅಂಗಡಿಗಳಲ್ಲಿ, ಕಾಪು ಬೀಚಿಗೆ ಬರುವವರ ಹೆಗಲಲ್ಲಿ ಇಂಥ ಚೀಲ ನೋಡಿದ ಮೇಲೆ ನಮ್ಮ ಹೆಣ್ಣುಮಕ್ಕಳಿಗೂ ಕೈ ತುರಿಸಿದ್ದು ಸಹಜ. ಕೆಲವು ಕಡೆ ಮಧ್ಯವರ್ತಿಗಳೂ ಬಂದು ಹೋಗಿದ್ದಾರೆ. ಒಬ್ಬ ಸದಸ್ಯೆ ನನ್ನಲ್ಲಿ ಹೀಗೆ ಕೇಳಿದರು: "ಡಾಕ್ಟ್ರೇ, ನೂಲು ಮಣಿ ಎಲ್ಲ ಅವರೇ ಕೊಡುತ್ತಾರಂತೆ. ಒಂದು ಚೀಲ ಹೆಣೆದು ಕೊಟ್ಟರೆ 120 ರೂಪಾಯಿ. ಹೇಗೂ ಮಧ್ಯಾಹ್ನ ಸುಮ್ಮನೆ ಕೂತಿರುತ್ತೇವಲ್ಲ?"

ಆ "ಸುಮ್ಮನೆ ಕೂತಿರುತ್ತೇವಲ್ಲ" ಎಂಬ ಮಾತಿಗೆ ಉತ್ತರ ಹೇಳಲೆಂದೇ ಇವತ್ತಿನ ಈ ಮಾತು. ಕೆಲಸ ಒಳ್ಳೆಯದು, ಕಲಿಯಿರಿ. ಆದರೆ ಹಾಲನ್ನು ಅಳೆಯದೆ, ಪರೀಕ್ಷಿಸದೆ ಯಾರಿಗೂ ಕೊಡದ ನೀವು ನಿಮ್ಮ ಹೊತ್ತನ್ನು ಅಳೆಯದೆ ಕೊಡಬಾರದು.

ರಾಫಿಯಾ ಎಂದರೇನು?

ರಾಫಿಯಾ ಎಂಬುದು ತಾಳೆ ಜಾತಿಯ ಒಂದು ಮರ. ಆಫ್ರಿಕಾದ ಉಷ್ಣ ಪ್ರದೇಶ ಮತ್ತು ಮಡಗಾಸ್ಕರ್ ದ್ವೀಪ ಅದರ ತವರು. ಗಿಡಮರಗಳ ಲೋಕದಲ್ಲೇ ಅತಿ ಉದ್ದದ ಎಲೆ ಈ ಜಾತಿಯದ್ದು. ಎಳೆಯ ಗರಿಯ ಮೇಲಿನ ತೆಳು ಪೊರೆಯನ್ನು ಸುಲಿದು, ಬಿಸಿಲಿಗೆ ಒಣಗಿಸಿ, ಸೀಳಿದರೆ ರಾಫಿಯಾ ನಾರು ಸಿಗುತ್ತದೆ.

ಆದರೆ ನಮ್ಮ ಪೇಟೆಯಲ್ಲಿ ಆ ಹೆಸರಿನಲ್ಲಿ ಉಂಡೆ ಕಟ್ಟಿ ಮಾರುವುದು ಹೆಚ್ಚಾಗಿ ಕಾಗದದ ಪಟ್ಟಿ ಅಥವಾ ಪ್ಲಾಸ್ಟಿಕ್ ಪಟ್ಟಿ. ಕಾಗದದ್ದರಿಂದಲೂ ಚೆಂದದ ಚೀಲ ಆಗುತ್ತದೆ, ತೊಂದರೆಯಿಲ್ಲ. ಆದರೆ ಕೊಳ್ಳುವವರಿಗೆ ಯಾವುದು ಎಂದು ಹೇಳಿಯೇ ಕೊಡಬೇಕು. ಪ್ಲಾಸ್ಟಿಕ್ಕನ್ನು ಗಿಡದ ನಾರು ಎಂದು ಮಾರುವುದಕ್ಕೂ ಹಾಲಿಗೆ ನೀರು ಬೆರೆಸುವುದಕ್ಕೂ ವ್ಯತ್ಯಾಸವಿಲ್ಲ. ಪರೀಕ್ಷೆ ಸುಲಭ. ಒಂದು ತುಂಡನ್ನು ಇಕ್ಕುಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಪ್ಲಾಸ್ಟಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಕಾಗದ ಅಥವಾ ನಾರಾದರೆ ಉರಿದು ಬೂದಿಯಾಗುತ್ತದೆ. ಇನ್ನೊಂದು ತುಂಡನ್ನು ನೀರಲ್ಲಿ ನೆನೆಸಿ, ತಿರುಚು ಬಿಡಿಸಿ ಎಳೆಯಿರಿ. ಅಗಲವಾಗಿ ಬಿಚ್ಚಿಕೊಂಡು ಹರಿದರೆ ಅದು ಕಾಗದ.

ಇಂಥ ಕೆಲಸ ನಮಗೆ ಹೊಸದಲ್ಲ. ಅಷ್ಟಮಿಗೆ ಕೇದಗೆ ಜಾತಿಯ ಓಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುರುಳಿ ಸುತ್ತಿ ಮೂಡೆ ಕಟ್ಟುವ ಕೈಗಳು ನಿಮ್ಮವು. ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟುವ ಬೆರಳುಗಳೂ ನಿಮ್ಮವೇ. ನಾರಿನ ಬಿಗಿ ಎಷ್ಟಿರಬೇಕು ಎಂಬುದು ಆ ಬೆರಳುಗಳಿಗೆ ಆಗಲೇ ಗೊತ್ತು.

ಚೀಲ ಹೆಣೆಯುವ ಕ್ರಮ

ಮೊಬೈಲು, ಕನ್ನಡಕ, ಪರ್ಸು ಹಿಡಿಯುವ ಸಾಧಾರಣ ಚೀಲದ ಲೆಕ್ಕ ಹೇಳುತ್ತೇನೆ. 5 ಮಿಲಿಮೀಟರ್ ಕ್ರೋಶಾ ಕಡ್ಡಿ, ಒಂದೇ ದಪ್ಪದ ರಾಫಿಯಾ, ಅಗಲ ತೂತಿನ 96 ಮರದ ಮಣಿ, ಹಿಡಿಗೆ ಹತ್ತಿಯ ಹಗ್ಗ, ಒಳಗೆ ಹೊಲಿಯಲು ಹತ್ತಿ ಬಟ್ಟೆ, ಒಂದು ಜಿಪ್ಪು ಇಷ್ಟು ಬೇಕು.

ಮೊದಲು 24 ಚೈನು ಹಾಕಿ. ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಶುರುಮಾಡಿ ಪ್ರತಿ ಚೈನಿಗೊಂದು ಗಿಡ್ಡ ಕಂಬ, ಅಂದರೆ ಸಿಂಗಲ್ ಕ್ರೋಶಾ, ಹಾಕುತ್ತ ಹೋಗಿ. ಕೊನೆಯ ಚೈನಿನಲ್ಲಿ 3 ಕಂಬ ಹಾಕಿ, ಚೈನಿನ ಮತ್ತೊಂದು ಮಗ್ಗುಲಲ್ಲಿ ಹಿಂದಕ್ಕೆ ಬನ್ನಿ. ಶುರುಮಾಡಿದ ಜಾಗದಲ್ಲಿ ಇನ್ನೂ 2 ಹಾಕಿದರೆ ಅಲ್ಲಿಯೂ 3 ಆಗುತ್ತದೆ. ಎರಡು ಮಗ್ಗುಲಲ್ಲಿ 21ರಂತೆ 42, ಎರಡು ತುದಿಗಳಲ್ಲಿ 3ರಂತೆ 6, ಒಟ್ಟು 48 ಕಂಬ. ಮುಂದಿನ ಪ್ರತಿ ಸುತ್ತಿನಲ್ಲಿ ಒಂದೊಂದು ತುದಿಗೆ 3ರಂತೆ 6 ಹೆಚ್ಚಿಸಿ. 54, 60, 66, 72 ಎಂದು 5 ಸುತ್ತಿಗೆ ಮೊಟ್ಟೆಯಾಕಾರದ ತಳ ಸಿದ್ಧ. ತಳ ಚಪ್ಪಟೆಯಾಗಿ ನೆಲಕ್ಕೆ ಕೂರಬೇಕು. ಬಟ್ಟಲಿನಂತೆ ಮೇಲೆದ್ದರೆ ಕೈ ಬಿಗಿಯಾಯಿತು, ಅಲೆಯಲೆಯಾಗಿ ನೆರಿಗೆ ಬಿದ್ದರೆ ಸಡಿಲವಾಯಿತು ಎಂದು ತಿಳಿಯಿರಿ.

ಆಮೇಲೆ ಹೆಚ್ಚಿಸದೆ, ಸುತ್ತಿಗೆ 72 ಕಂಬದಂತೆ 34 ಸುತ್ತು ಮೇಲಕ್ಕೆ ಹೆಣೆದರೆ ಸುಮಾರು ಒಂದು ಗೇಣು ಎತ್ತರದ ಗೋಡೆ ಏಳುತ್ತದೆ.

ಮಣಿಯ ವಿಷಯದಲ್ಲಿ ಹೊಸಬರೆಲ್ಲ ಎಡವುವುದು ಒಂದೇ ಕಡೆ. ಮಣಿಯನ್ನು ಹೆಣೆಯುವ ಮೊದಲೇ ನೂಲಿಗೆ ಪೋಣಿಸಿಕೊಳ್ಳಬೇಕು. ಬೇಕಾದಲ್ಲಿ ಒಂದು ಮಣಿಯನ್ನು ಕಡ್ಡಿಯ ಬುಡಕ್ಕೆ ಸರಿಸಿ ಕಂಬ ಮುಗಿಸಿದರೆ ಅದು ನಮ್ಮ ಎದುರಿನ ಮೈಗೆ ಕೂರುವುದಿಲ್ಲ, ಹಿಂದಿನ ಮೈಗೆ ಬೀಳುತ್ತದೆ. ಹಾಗಾಗಿ ಗೋಡೆ ಹೆಣೆಯುವಾಗ ಚೀಲದ ಒಳಮೈ ನಿಮ್ಮ ಕಡೆಗಿರಲಿ, ಮಣಿ ತಾನಾಗಿ ಹೊರಮೈಗೆ ಬರುತ್ತದೆ. ಪ್ರತಿ 6ನೇ ಕಂಬಕ್ಕೆ ಒಂದರಂತೆ ಸುತ್ತಿಗೆ 12 ಮಣಿ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಂತೆ 8 ಸಾಲು. ಪ್ರತಿ ಸಾಲಿನಲ್ಲಿ 3 ಕಂಬ ಸರಿಸಿ ಶುರುಮಾಡಿದರೆ ಮಣಿಗಳು ಅಡ್ಡಸಾಲಾಗಿ ಕೂರುತ್ತವೆ. 96 ಮಣಿಯನ್ನೂ ಒಮ್ಮೆಗೇ ಪೋಣಿಸಬೇಡಿ, ಎಳೆದೆಳೆದು ಕಾಗದದ ನೂಲು ಸವೆಯುತ್ತದೆ. ಎರಡು ಕಂತು ಮಾಡಿ. ನೂಲು ಮುಗಿದಲ್ಲಿ ಗಂಟು ಹಾಕುವ ಬದಲು ಹಳೆಯ ತುದಿ ಹೊಸ ತುದಿ ಎರಡನ್ನೂ ಒಳಗೆ ಸೇರಿಸಿಕೊಂಡು ಹತ್ತು ಕಂಬ ಹೆಣೆಯಿರಿ.

ಹಿಡಿಯನ್ನು ಬರೀ ರಾಫಿಯಾದಲ್ಲಿ ಮಾಡಿದರೆ ಭಾರಕ್ಕೆ ಜಗ್ಗುತ್ತದೆ. ಹತ್ತಿಯ ಹಗ್ಗವನ್ನು ನಡುವೆ ಇಟ್ಟು ಅದರ ಮೇಲೆ ಹೆಣೆಯಿರಿ. ಕೊನೆಗೆ ಬಟ್ಟೆಯ ಒಳಪದರ, ಜಿಪ್ಪು. ಒಳಪದರ ಇಲ್ಲದ ಚೀಲದಲ್ಲಿ ಚಿಲ್ಲರೆ ನಿಲ್ಲುವುದಿಲ್ಲ, ಕೊಂಡವರು ಎರಡನೆಯ ಸಲ ಬರುವುದೂ ಇಲ್ಲ.

ನಮ್ಮದು ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು. ಕಾಗದವಾಗಲಿ ನಾರಾಗಲಿ ಜೂನ್ ತಿಂಗಳಿನಿಂದ ಬೂಸಲು ಹಿಡಿಯುತ್ತದೆ. ನೂಲನ್ನೂ ಮುಗಿದ ಚೀಲವನ್ನೂ ನೆಲದ ಮೇಲೆ, ಗೋಡೆಗೆ ಒರಗಿಸಿ ಇಡಬೇಡಿ. ಅಡಿಗೆಮನೆಯ ಒಲೆಯ ಬಿಸಿ ತಾಗುವ ಅಟ್ಟ ಒಳ್ಳೆಯ ಜಾಗ.

ಕಂಬ ಎಣಿಸಿದರೆ ಹೊತ್ತು ಸಿಗುತ್ತದೆ

ಈಗ ಲೆಕ್ಕಕ್ಕೆ ಬರೋಣ. ತಳದ 5 ಸುತ್ತಿಗೆ 300 ಕಂಬ. ಗೋಡೆಯ 34 ಸುತ್ತಿಗೆ 2448. ಒಟ್ಟು 2748. ಕೈ ಪಳಗಿದವರು ನಿಮಿಷಕ್ಕೆ 10 ಕಂಬ ಹಾಕುತ್ತಾರೆ ಎಂದು ಇಟ್ಟುಕೊಂಡರೂ ನಾಲ್ಕೂವರೆ ಗಂಟೆ ದಾಟುತ್ತದೆ. ಮಣಿ ಪೋಣಿಸಲು, ಹಿಡಿ ಮಾಡಲು, ಒಳಪದರ ಹೊಲಿಯಲು, ಬಿಚ್ಚಿ ಮತ್ತೆ ಹಾಕಲು ಮೂರೂವರೆ ಗಂಟೆ ಸೇರಿಸಿ. ಒಂದು ಚೀಲಕ್ಕೆ 8 ಗಂಟೆ. ಅಂದರೆ ಪೂರ್ತಿ ಒಂದು ದಿನದ ದುಡಿಮೆ.

120 ರೂಪಾಯಿಯನ್ನು 8ರಿಂದ ಭಾಗಿಸಿದರೆ ಗಂಟೆಗೆ 15 ರೂಪಾಯಿ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಮಣ್ಣು ಹೊತ್ತವರಿಗೆ 370, ಕಣ್ಣು ಬೆರಳು ಎರಡನ್ನೂ ದುಡಿಸಿ ಕಲೆ ಮಾಡಿದವರಿಗೆ 120. ಯಾಕೆ ಹೀಗೆ? "ಸುಮ್ಮನೆ ಕೂತಿದ್ದ ಹೊತ್ತು" ಎಂದು ನಾವೇ ಒಪ್ಪಿಕೊಂಡದ್ದರಿಂದ.

ಇದು ನಮ್ಮೊಬ್ಬರ ಕತೆಯಲ್ಲ. ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಪಾದ್ರಿಗಳ ಮನೆಯವರು ಕ್ರೋಶಾ ಲೇಸು ಕಲಿಸಿದರು. ಆ ಲೇಸು ಸಮುದ್ರ ದಾಟಿ ಹೋಯಿತು, 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಆದರೆ ಮಾರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1970ರ ದಶಕದ ಕೊನೆಯಲ್ಲಿ ಅಲ್ಲಿನ ಮನೆಮನೆಗಳಲ್ಲಿ ವಿಚಾರಿಸಿ 1982ರಲ್ಲಿ ಪುಸ್ತಕ ಬರೆದಾಗ ಕಂಡದ್ದು ಬೇರೆಯೇ. ಲೇಸು ಹೆಣೆಯುವ ಹೆಂಗಸರಿಗೆ ದಿನಕ್ಕೆ ಸಿಗುತ್ತಿದ್ದದ್ದು ಹೊಲದ ಕೂಲಿಗಿಂತಲೂ ಕಡಿಮೆ. ನೂಲು ಕೊಡುವವರು, ಮಾಲು ಒಯ್ಯುವವರು, ಬೆಲೆ ಹೇಳುವವರು ಎಲ್ಲ ಬೇರೆಯವರು. ಹೆಣೆಯುವವರನ್ನು ದುಡಿಮೆಗಾರರು ಎಂದು ಯಾರೂ ಕರೆಯಲಿಲ್ಲ, ಬಿಡುವಿನ ಹೊತ್ತು ಕಳೆಯುವ ಗೃಹಿಣಿಯರು ಎಂದರು. ಆ ಹೆಸರಿನಿಂದಲೇ ಕೂಲಿ ಇಳಿಯಿತು.

ಉತ್ತರ ನಮ್ಮ ಊರಿನಲ್ಲೇ ಇದೆ

ಶಂಕರಪುರದ ಮಲ್ಲಿಗೆಯನ್ನೇ ನೋಡಿ. ಚೆಂಡು, ಅಟ್ಟೆ ಎಂಬ ಅಳತೆ ಎಲ್ಲರಿಗೂ ಒಂದೇ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ಬೆಲೆ ಎಲ್ಲರಿಗೂ ತಿಳಿಯುವಂತೆ ಹೊರಡುತ್ತದೆ. ಬೆಲೆ ಏರಲಿ ಇಳಿಯಲಿ, ಹೂ ಕಟ್ಟಿದ ಮನೆಯವರಿಗೆ ಇವತ್ತಿನ ದರ ಎಷ್ಟು ಎಂದು ಗೊತ್ತಿರುತ್ತದೆ. ಅಳತೆ ಮತ್ತು ಬಹಿರಂಗ ಬೆಲೆ ಎರಡೂ ಇರುವಲ್ಲಿ ಮೋಸಕ್ಕೆ ಜಾಗ ಕಡಿಮೆ.

ಕಾರ್ಕಳದ ಕಡೆಗೆ ಬನ್ನಿ. ಉಡುಪಿ ಸೀರೆ ನೇಯುವವರು ಬೆರಳೆಣಿಕೆಗೆ ಇಳಿದಿದ್ದ ಕಾಲದಲ್ಲಿ ಕಾರ್ಕಳದ ಕದಿಕೆ ಟ್ರಸ್ಟ್ ಮತ್ತು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರಿ ಸಂಘ ಕೈಜೋಡಿಸಿ ಮಗ್ಗಗಳಿಗೆ ಮತ್ತೆ ಜೀವ ಕೊಟ್ಟವು. ಅಲ್ಲಿ ಸೀರೆಯ ಜೊತೆಗೆ ನೇಯ್ದವರ ಹೆಸರು, ಭಾವಚಿತ್ರ ಹೋಗುತ್ತದೆ. ಯಾರ ಕೈಕೆಲಸ ಎಂದು ಗೊತ್ತಾದ ಮೇಲೆ ಕೊಳ್ಳುವವರು ಚೌಕಾಸಿಗೆ ಇಳಿಯುವುದು ಕಡಿಮೆ.

ಇನ್ನು ಮಣಿಪಾಲದವರ ಹಿರಿಯರನ್ನು ನೆನೆಯೋಣ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ 8000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಸಂಕಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದೇ ಅವರ ಮೊದಲ ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿದರು. ಅದೇ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಣ್ಣ ದುಡಿಮೆಯ ಸಣ್ಣ ಹಣವನ್ನೂ ಬರೆದಿಟ್ಟು ಲೆಕ್ಕಕ್ಕೆ ಹಿಡಿಯಬೇಕು ಎಂಬ ಪಾಠ ಈ ಮಣ್ಣಿನಲ್ಲೇ ಹುಟ್ಟಿದ್ದು.

ನಾರು ಹೊರಗಿನಿಂದಲೇ ಬರಬೇಕೆಂದೂ ಇಲ್ಲ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿ ಕಿಷ್ಕಿಂದ ಟ್ರಸ್ಟಿನ ಆಶ್ರಯದಲ್ಲಿ ಮಹಿಳೆಯರು ಬಾಳೆಯ ನಾರನ್ನು ಹೊಸೆದು, ಕ್ರೋಶಾ ಹಾಕಿ ಚೀಲ, ಬುಟ್ಟಿ ತಯಾರಿಸುತ್ತಾರೆ. ಗೊನೆ ಕಡಿದ ಮೇಲೆ ಬಾಳೆಯ ದಿಂಡು ನಮ್ಮ ತೋಟಗಳಲ್ಲಿ ಗೊಬ್ಬರದ ಗುಂಡಿಗೋ ದನದ ಬಾಯಿಗೋ ಹೋಗುತ್ತದೆ. ಹೊರಪದರ ಸುಲಿದು ನಾರು ಮಾಡಿಕೊಂಡು ಒಳಗಿನ ತಿರುಳನ್ನು ದನಕ್ಕೆ ಹಾಕಿದರೆ ಎರಡೂ ಆಯಿತು. ನೆನಪಿಡಿ, ತಿರುಳಿನಲ್ಲಿ ನೀರೇ ಹೆಚ್ಚು. ಹುಲ್ಲು ಹಿಂಡಿಯ ಬದಲಿಗೆ ಅದನ್ನು ಕೊಡಬೇಡಿ, ಜೊತೆಗೆ ಕೊಡಿ.

ಹಟ್ಟಿಯ ಮಾತು

ಇನ್ನು ನನ್ನ ಕಸುಬಿನ ಮಾತು. ಇದನ್ನು ಕೇಳದೆ ಯಾರೂ ಕಡ್ಡಿ ಹಿಡಿಯಬಾರದು.

ದನ ಮೇವನ್ನು ನಮ್ಮ ಹಾಗೆ ಆರಿಸಿ ತಿನ್ನುವುದಿಲ್ಲ. ನಾಲಗೆ ಚಾಚಿ ಸುತ್ತಿ ಎಳೆದುಕೊಳ್ಳುತ್ತದೆ. ನಾಲಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಒಳಗೆ ಹೋದದ್ದನ್ನು ಉಗುಳುವುದು ಅದಕ್ಕೆ ಕಷ್ಟ. ಬೈಹುಲ್ಲಿನಲ್ಲಿ ಸೇರಿದ ಪ್ಲಾಸ್ಟಿಕ್ ರಾಫಿಯಾದ ತುಂಡು ದೊಡ್ಡ ಹೊಟ್ಟೆಯಲ್ಲಿ ಕರಗುವುದಿಲ್ಲ. ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗುತ್ತದೆ. ಮೇವು ಬಿಡುವುದು, ಪದೇ ಪದೇ ಹೊಟ್ಟೆ ಉಬ್ಬರ, ಹಾಲು ಇಳಿಯುವುದು ಇವೆಲ್ಲ ಅದರ ಲಕ್ಷಣ. ಕೊನೆಗೆ ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ. ಸೂಜಿ, ಮಣಿ ಪೋಣಿಸುವ ತಂತಿ ಇನ್ನೂ ಅಪಾಯ. ಅವು ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ಕೂರುತ್ತವೆ. ಅದಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ದನ ಕೆಮ್ಮುವಾಗ, ಕರು ಹಾಕಲು ತಿಣುಕುವಾಗ ತಂತಿ ಮುಂದಕ್ಕೆ ಚುಚ್ಚಿ ಹೃದಯದ ಚೀಲಕ್ಕೆ ತಾಗಿದರೆ ಆ ದನ ಉಳಿಯುವುದು ದುರ್ಲಭ. ಒಂದು ಕೈಚೀಲದ ಆಸೆಗೆ ಹಾಲು ಕೊಡುವ ದನ ಕಳೆದುಕೊಳ್ಳಬೇಡಿ. ಮುಚ್ಚಳದ ಡಬ್ಬಿ ಇಟ್ಟುಕೊಳ್ಳಿ. ಸೂಜಿಗಳನ್ನು ಎಣಿಸಿ ತೆಗೆಯಿರಿ, ಎಣಿಸಿ ಇಡಿ. ತುಂಡು ನೂಲನ್ನು ಗುಡಿಸಿ ಗೊಬ್ಬರಕ್ಕೆ ಎಸೆಯಬೇಡಿ. ಬಣ್ಣ ಹಾಕಿದ ನೀರನ್ನು ದನ ಕುಡಿಯುವ ಬಾಲ್ದಿಯಲ್ಲಿ ಕಲಸಲೇಬೇಡಿ.

ಎರಡನೆಯದು ನಿಮ್ಮ ಕೈ. ಬೆಳಿಗ್ಗೆ ಸಂಜೆ ಹಾಲು ಕರೆಯುವ ಬೆರಳು ಮಣಿಕಟ್ಟುಗಳೇ ಮಧ್ಯಾಹ್ನ ಕಡ್ಡಿ ತಿರುಗಿಸುವುದು. ರಾತ್ರಿ ಬೆರಳು ಜೋಮು ಹಿಡಿದರೆ, ಹೆಬ್ಬೆರಳಿನ ಬುಡ ನೋಯ್ದರೆ ಅದು ಎಚ್ಚರಿಕೆ. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಕೈ ಬಿಚ್ಚಿ ಮುಚ್ಚಿ ಮಾಡಿ. ಕಡ್ಡಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ನೋವು ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಕರೆಯುವ ಕೈ ಸೋತರೆ ಹಾಲು ಪೂರ್ತಿ ಇಳಿಯದೆ ಕೆಚ್ಚಲಿನಲ್ಲೇ ಉಳಿಯುತ್ತದೆ, ಅಲ್ಲಿಂದ ಕೆಚ್ಚಲು ಬಾವಿಗೆ ದಾರಿ.

ಒಂದು ಲಾಭವನ್ನೂ ಹೇಳಿಬಿಡುತ್ತೇನೆ. ಹಟ್ಟಿ ಕಾಣುವ ಜಗಲಿಯಲ್ಲೇ ಕೂತು ಹೆಣೆಯಿರಿ. ದನ ಚಡಪಡಿಸುವುದು, ಕೂಗುವುದು, ಇನ್ನೊಂದರ ಮೇಲೆ ಹಾರುವುದು, ಲೋಳೆ ಸುರಿಸುವುದು ಕಣ್ಣಿಗೆ ಬೀಳುತ್ತದೆ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆ 21 ದಿನದ ನಷ್ಟವನ್ನು ಯಾವ ಚೀಲವೂ ತುಂಬಿಕೊಡುವುದಿಲ್ಲ. ಈಗ ಹೇಳಿ, ಮಧ್ಯಾಹ್ನದ ಆ ಹೊತ್ತು ಸುಮ್ಮನೆ ಕೂತ ಹೊತ್ತೇ?

ಹಾಗಾದರೆ ಏನು ಮಾಡಬೇಕು?

1. ಒಂದು ಪುಸ್ತಕ ಇಡಿ. ಪ್ರತಿ ಚೀಲಕ್ಕೆ ಎಷ್ಟು ಗಂಟೆ ಹಿಡಿಯಿತು, ನೂಲು ಮಣಿಗೆ ಎಷ್ಟಾಯಿತು ಎಂದು ಬರೆಯಿರಿ.

2. ಬೆಲೆಯನ್ನು ಹೀಗೆ ಕಟ್ಟಿ. ಉದಾಹರಣೆಗೆ ಸಾಮಗ್ರಿ 230, ದಿನದ ದುಡಿಮೆ 370, ಓಡಾಟ ಮತ್ತು ಹಾಳು ಮೂಳಿಗೆ 50, ಒಟ್ಟು 650 ರೂಪಾಯಿ. ನಿಮ್ಮ ಪೇಟೆಯ ದರ ಹಾಕಿ ಲೆಕ್ಕ ತಿದ್ದಿಕೊಳ್ಳಿ. ಅಷ್ಟಕ್ಕೆ ಹೋಗದಿದ್ದರೆ ಸಣ್ಣ ಚೀಲ, ಮೊಬೈಲ್ ಸಂಚಿ ಹೆಣೆದು ಗಂಟೆ ಕಡಿಮೆ ಮಾಡಿ. ನಿಮ್ಮ ಕೂಲಿಯನ್ನು ಕಡಿಮೆ ಮಾಡಬೇಡಿ.

3. ಒಬ್ಬೊಬ್ಬರೇ ಮಾರಲು ಹೋಗಬೇಡಿ. ಹತ್ತು ಮಂದಿ ಸೇರಿ ಒಂದೇ ಅಳತೆ, ಒಂದೇ ಬೆಲೆ ಗೊತ್ತು ಮಾಡಿ. ಹಾಲಿಗೆ ಜಿಡ್ಡಿನ ಪರೀಕ್ಷೆ ಇರುವಂತೆ ಚೀಲಕ್ಕೂ ಪರೀಕ್ಷೆ ಇರಲಿ. ಎರಡು ಕೆ.ಜಿ. ಅಕ್ಕಿ ತುಂಬಿ ಒಂದು ರಾತ್ರಿ ತೂಗುಹಾಕಿ. ಹಿಡಿ ಜಗ್ಗಿದ ಚೀಲ ಮಾರಾಟಕ್ಕೆ ಬೇಡ.

4. ಮುಂಗಡ ಠೇವಣಿ ಕೇಳುವ, ಚೀಟಿ ಕೊಡದ ಮಧ್ಯವರ್ತಿಯಿಂದ ದೂರವಿರಿ. ಸಾಮಗ್ರಿ ಎಷ್ಟು ಕೊಟ್ಟರು, ಚೀಲ ಎಷ್ಟು ಒಯ್ದರು, ಹಣ ಯಾವ ದಿನ ಎಂಬುದು ಕಾಗದದ ಮೇಲಿರಲಿ.

5. ಬಂದ ಹಣ ನಿಮ್ಮ ಹೆಸರಿನ ಖಾತೆಗೇ ಹೋಗಲಿ.

ತರಬೇತಿ ಬೇಕಿದ್ದವರು ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಲ್ಲಿ, ನಿಮ್ಮ ಪಂಚಾಯತಿಯ ಸಂಜೀವಿನಿ ಒಕ್ಕೂಟದಲ್ಲಿ ವಿಚಾರಿಸಬಹುದು. ಮಾರುಕಟ್ಟೆಗೆ ದೂರ ಹೋಗಬೇಕಾಗಿಲ್ಲ. ಉಡುಪಿಯ ರಥಬೀದಿ, ಕಾಪುವಿನ ದೀಪಸ್ತಂಭ, ಕಾರ್ಕಳದ ಗೊಮ್ಮಟ ಬೆಟ್ಟ, ಮಣಿಪಾಲದ ವಿದ್ಯಾರ್ಥಿಗಳು ಎಲ್ಲ ಒಂದು ಬಸ್ಸಿನ ದೂರದಲ್ಲಿದ್ದಾರೆ.

ಅಕ್ಕ ತಂಗಿಯಂದಿರೇ, ಸೊಸೈಟಿ ಇಲ್ಲದ ಕಾಲದಲ್ಲಿ ಹಾಲು ಕೊಂಡವನು ಹೇಳಿದ್ದೇ ಅಳತೆ, ಅವನು ಕೊಟ್ಟದ್ದೇ ಬೆಲೆ ಆಗಿತ್ತು. ಅದನ್ನು ಬದಲಾಯಿಸಿದ್ದು ಒಂದು ಅಳತೆಯ ಪಾತ್ರೆ, ಒಂದು ಪರೀಕ್ಷೆಯ ಕೊಳವೆ, ಒಂದು ಲೆಕ್ಕದ ಪುಸ್ತಕ ಮತ್ತು ಜೊತೆಗೆ ನಿಂತ ನೆರೆಹೊರೆ. ಚೀಲಕ್ಕೂ ಇಷ್ಟೇ ಬೇಕಾಗಿರುವುದು. ನಾಳೆಯಿಂದಲೇ ಶುರುಮಾಡಿ. ಮೊದಲು ಪುಸ್ತಕ ಕೊಳ್ಳಿ, ಆಮೇಲೆ ರಾಫಿಯಾ.